ಕಣ್ಣಿನ ವ್ಯಾಯಾಮ, ಕನ್ನಡಕ, ಹನಿ, ಲೇಸಿಕ್: ಯಾರಿಗೆ ಯಾವುದು ಸರಿ?

ಮಗಳಿಗೆ ಒಂಬತ್ತು ವರ್ಷ, ಮೈನಸ್ ಒಂದೂವರೆ ಬಂದಿದೆ. ಆರು ತಿಂಗಳು ವ್ಯಾಯಾಮ ಮಾಡಿಸಿ ನೋಡೋದಾ, ಈಗಲೇ ಕನ್ನಡಕ ಹಾಕಿಸೋದಾ? ಪೊಲೀಸ್ ನೇಮಕಾತಿಗೆ ತಯಾರಿ ಮಾಡ್ತಿದ್ದೀನಿ, ತ್ರಾಟಕ (ದೀಪವನ್ನೇ ದಿಟ್ಟಿಸಿ ನೋಡೋ ಯೋಗ) ಮಾಡಿದ್ರೆ ನಂಬರ್ ಇಳಿಯುತ್ತಾ? ನಲವತ್ತೆರಡಕ್ಕೇ ಪೇಪರ್ ಓದೋಕೆ ಕಷ್ಟ ಆಗ್ತಿದೆ, ಕಣ್ಣು ತಿರುಗಿಸೋ ವ್ಯಾಯಾಮದಿಂದ ಚಾಳೀಸು ತಪ್ಪುತ್ತಾ?

ಇಂಥ ಪ್ರಶ್ನೆಗಳು ಓದುಗರಿಂದ ಬರುತ್ತಲೇ ಇರುತ್ತವೆ. ಮೇಲ್ನೋಟಕ್ಕೆ ಮೂವರೂ ಕೇಳುತ್ತಿರುವುದು ಒಂದನ್ನೇ. ಆದರೆ ಮೂವರ ಕಣ್ಣಿನಲ್ಲಿ ಆಗಿರುವುದು ಬೇರೆ ಬೇರೆ. ಹಾಗಾಗಿ ಮೂವರಿಗೂ ಒಂದೇ ಉತ್ತರ ಕೊಡಲಾಗದು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವು ಕಣ್ಣಿನ ತೊಂದರೆಗಳಿಗೆ ವ್ಯಾಯಾಮವೇ ಒಳ್ಳೆಯ ಚಿಕಿತ್ಸೆ. ಕಣ್ಣಿನ ಆಯಾಸಕ್ಕೂ ಅದರಿಂದ ಉಪಯೋಗ ಇದೆ. ಕನ್ನಡಕದ ನಂಬರ್ ಇಳಿಸುವ ಶಕ್ತಿ ಮಾತ್ರ ಅದಕ್ಕಿಲ್ಲ. ದೊಡ್ಡವರು ಮಾಡಿ ನೋಡಿದರೆ ಹೆಚ್ಚೇನೂ ನಷ್ಟವಿಲ್ಲ. ಮಕ್ಕಳ ವಿಷಯದಲ್ಲಿ ಕಾಯುವುದಕ್ಕೆ ಬೆಲೆ ತೆರಬೇಕಾಗುತ್ತದೆ. ಅದಕ್ಕೇ ಈ ಬರಹದಲ್ಲಿ ಮಕ್ಕಳ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಯಾವುದೇ ಆಯ್ಕೆಯನ್ನು ಹೀಗೆ ಅಳೆಯಿರಿ

ಮೊದಲನೆಯದು, ಅದು ಏನನ್ನು ಸರಿಮಾಡುತ್ತದೆ? ಕಣ್ಣುಗುಡ್ಡೆಯ ಆಕಾರವನ್ನೋ, ಎರಡು ಕಣ್ಣುಗಳ ಹೊಂದಾಣಿಕೆಯನ್ನೋ, ಬರೀ ಸುಸ್ತನ್ನೋ? ಇದೊಂದು ತಿಳಿದರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಎರಡನೆಯದು, ಪುರಾವೆ ಎಂಥದ್ದು? "ನನಗೆ ಗುಣ ಆಯ್ತು" ಅನ್ನುವ ಮಾತಿಗೂ, ಒಂದು ಗುಂಪಿಗೆ ಚಿಕಿತ್ಸೆ ಕೊಟ್ಟು ಇನ್ನೊಂದು ಗುಂಪಿಗೆ ಕೊಡದೆ ಹೋಲಿಸಿ ನೋಡಿದ ಫಲಿತಾಂಶಕ್ಕೂ ತುಂಬಾ ವ್ಯತ್ಯಾಸ ಇದೆ.

ಮೂರನೆಯದು, ಕೆಲಸ ಮಾಡದಿದ್ದರೆ ಏನು ಕಳೆದುಕೊಳ್ಳುತ್ತೀರಿ? ಹಣ ಹೋದರೆ ಮತ್ತೆ ದುಡಿಯಬಹುದು. ಮಗುವಿನ ಎಂಟನೇ ವಯಸ್ಸು ಮತ್ತೆ ಬರುವುದಿಲ್ಲ.

ಖರ್ಚನ್ನು ಲೆಕ್ಕ ಹಾಕುವಾಗ ಮೊದಲ ಬಿಲ್ಲನ್ನಷ್ಟೇ ನೋಡಬೇಡಿ. ಪ್ರತಿ ವರ್ಷ ಬದಲಿಸಬೇಕಾದ ಮಸೂರ, ಪ್ರತಿ ತಿಂಗಳ ಹನಿ, ಪಟ್ಟಣಕ್ಕೆ ಓಡಾಡುವ ಬಸ್ ಚಾರ್ಜ್, ರಜೆ ಹಾಕಿದ ದಿನದ ಕೂಲಿ, ಎಲ್ಲವನ್ನೂ ಸೇರಿಸಿ. ಆಮೇಲೆ, ದಿನವೂ ಮಾಡಬೇಕಾದದ್ದನ್ನು ನಿಮ್ಮ ಮನೆಯಲ್ಲಿ ನಿಜವಾಗಿ ಮಾಡುತ್ತಾರಾ ಅಂತಲೂ ಯೋಚಿಸಿ.

ನಂಬರ್ ಬರುವುದು ಎಲ್ಲಿಂದ

ಕಣ್ಣಿಗೆ ಬಂದ ಬೆಳಕು ಹಿಂದಿನ ಪರದೆ, ಅಂದರೆ ರೆಟಿನಾದ ಮೇಲೆ ಸರಿಯಾಗಿ ಕೂಡಬೇಕು. ಬೆಳಕನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲು ಮುಂದಿನ ಪಾರದರ್ಶಕ ಪದರ ಕಾರ್ನಿಯಾದ್ದು. ಉಳಿದದ್ದು ಒಳಗಿನ ಮಸೂರದ್ದು. ವಯಸ್ಕರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದ ಇರುತ್ತದೆ. ಅದು ಒಂದು ಮಿಲಿಮೀಟರ್ ಜಾಸ್ತಿ ಬೆಳೆದರೂ ಸಾಕು, ಎರಡೂವರೆಯಿಂದ ಮೂರರಷ್ಟು ಮೈನಸ್ ನಂಬರ್ ಬರುತ್ತದೆ. ಬೆಳಕು ಪರದೆಗಿಂತ ಮುಂದೆಯೇ ಕೂಡುತ್ತದೆ, ಬೋರ್ಡಿನ ಮೇಲಿನ ಅಕ್ಷರ ಮಸುಕಾಗುತ್ತದೆ.

ಅಂದರೆ ಬಹುಪಾಲು ಮಕ್ಕಳ ಮೈನಸ್ ನಂಬರ್ ಕಣ್ಣು ಉದ್ದ ಬೆಳೆದದ್ದರ ಫಲ. ಎತ್ತರ ಬೆಳೆದ ಹುಡುಗನನ್ನು ವ್ಯಾಯಾಮ ಮಾಡಿಸಿ ಮತ್ತೆ ಗಿಡ್ಡ ಮಾಡಲು ಆಗುತ್ತದೆಯೇ? ಇದೂ ಹಾಗೆಯೇ. ಬೆಳೆಯುವ ವೇಗವನ್ನು ತಗ್ಗಿಸುವ ದಾರಿಗಳು ಇವೆ, ಅವನ್ನು ಮುಂದೆ ಹೇಳುತ್ತೇನೆ. ಸಿಲಿಂಡರ್ ನಂಬರ್ ಸಾಮಾನ್ಯವಾಗಿ ಕಾರ್ನಿಯಾದ ವಕ್ರತೆ ಎಲ್ಲ ಕಡೆ ಒಂದೇ ಸಮ ಇಲ್ಲದಿದ್ದರೆ ಬರುತ್ತದೆ. ಅದಕ್ಕೂ ಕಣ್ಣು ತಿರುಗಿಸುವುದಕ್ಕೂ ಸಂಬಂಧವಿಲ್ಲ.

ಹಾಗಾದರೆ ವ್ಯಾಯಾಮದಿಂದ ಕನ್ನಡಕ ಬಿಡಿಸಬಹುದು ಅನ್ನುವ ಮಾತು ಎಲ್ಲಿಂದ ಬಂತು? ಇದರ ದೊಡ್ಡ ಪ್ರಚಾರಕರು ನ್ಯೂಯಾರ್ಕಿನ ಕಣ್ಣಿನ ವೈದ್ಯ ವಿಲಿಯಂ ಬೇಟ್ಸ್. 1920ರಲ್ಲಿ ಅವರು ತಮ್ಮ ವಿಧಾನವನ್ನು ಪ್ರಕಟಿಸಿದರು. ಹತ್ತಿರದ್ದು ದೂರದ್ದು ನೋಡಲು ಕಣ್ಣಿನೊಳಗಿನ ಮಸೂರ ಬದಲಾಗುವುದಿಲ್ಲ, ಹೊರಗಿನ ಸ್ನಾಯುಗಳು ಗುಡ್ಡೆಯನ್ನು ಒತ್ತಿ ಅದರ ಆಕಾರ ಬದಲಿಸುತ್ತವೆ ಅನ್ನುವುದು ಅವರ ವಾದ. ಆ ಸ್ನಾಯುಗಳ ಬಿಗಿತ ಸಡಿಲಿಸಿದರೆ ನಂಬರ್ ಹೋಗಬೇಕು, ಅಲ್ವಾ? ಅಂಗೈಯಿಂದ ಕಣ್ಣು ಮುಚ್ಚಿಕೊಳ್ಳುವುದು, ದೇಹವನ್ನು ಅತ್ತಿತ್ತ ತೂಗುತ್ತಾ ನೋಡುವುದು, ಸೂರ್ಯನ ಬೆಳಕಿಗೆ ಕಣ್ಣೊಡ್ಡುವುದು, ಇವೆಲ್ಲ ಅವರ ವಿಧಾನದಲ್ಲೇ ಇವೆ. ಇಂದು ನಮ್ಮ ಫೋನಿಗೆ ಬರುವ ವಿಡಿಯೋಗಳಲ್ಲಿ ಅರ್ಧಕ್ಕರ್ಧ ಅದೇ.

ಆ ವಾದ ತಪ್ಪು ಎಂದು ತಿಳಿಯಲು ಪ್ರಯೋಗಾಲಯವೇ ಬೇಕಾಗಿಲ್ಲ. ಪೊರೆ ಆಪರೇಷನ್ ಆದ ನಿಮ್ಮ ಮನೆಯ ಹಿರಿಯರನ್ನೇ ಗಮನಿಸಿ. ಅವರ ಕಣ್ಣಿನ ಆರೂ ಹೊರ ಸ್ನಾಯುಗಳು ಮೊದಲಿನಂತೆಯೇ ಇವೆ. ಬದಲಾಗಿರುವುದು ಒಳಗಿನ ಮಸೂರ ಒಂದೇ. ಸಾದಾ ಲೆನ್ಸ್ ಹಾಕಿಸಿಕೊಂಡಿದ್ದರೆ ದೂರದ ಬಸ್ಸಿನ ಬೋರ್ಡು ಚೆನ್ನಾಗಿ ಕಾಣುತ್ತದೆ, ಪಂಚಾಂಗ ಓದಲು ಕನ್ನಡಕ ಬೇಕೇ ಬೇಕು. ಸ್ನಾಯುಗಳು ಗುಡ್ಡೆಯನ್ನು ಒತ್ತಿ ಫೋಕಸ್ ಮಾಡುವಂತಿದ್ದರೆ ಅವರಿಗೆ ಆ ಕನ್ನಡಕ ಬೇಕಾಗುತ್ತಿರಲಿಲ್ಲ.

ಸೂರ್ಯನನ್ನು ನೋಡುವ ಅಭ್ಯಾಸದ ಬಗ್ಗೆ ಎಚ್ಚರಿಕೆಯ ಮಾತು ಹೇಳಲೇಬೇಕು. ಬೆಳಗಿನ ಎಳೆ ಸೂರ್ಯನಾದರೂ ನೇರವಾಗಿ ದಿಟ್ಟಿಸಬೇಡಿ. ರೆಟಿನಾದ ನಡುಭಾಗ ಸುಟ್ಟರೆ ನೋವಾಗುವುದಿಲ್ಲ. ಹಾಗಾಗಿ ಹಾನಿ ಆಗುವಾಗ ಗೊತ್ತೇ ಆಗದು. ಕೆಲವರಲ್ಲಿ ಅದು ಶಾಶ್ವತವಾಗಿ ಉಳಿಯುತ್ತದೆ.

ಒಂದು ದೇಶವೇ ಕಣ್ಣಿನ ವ್ಯಾಯಾಮವನ್ನು ನಂಬಿ ನೋಡಿದ್ದೂ ಇದೆ. ಚೀನಾದ ಶಾಲೆಗಳಲ್ಲಿ 1963ರಿಂದ ಕಣ್ಣಿನ ಸುತ್ತ ಬೆರಳಿನಿಂದ ಒತ್ತುವ ವ್ಯಾಯಾಮವನ್ನು ಮಕ್ಕಳಿಂದ ದಿನವೂ ಮಾಡಿಸುತ್ತಾ ಬಂದರು. 2018ರಲ್ಲಿ ಅಲ್ಲಿನ ಸರ್ಕಾರ ನಡೆಸಿದ ಸಮೀಕ್ಷೆಯಲ್ಲಿ ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇಕಡಾ 53.6 ಮಂದಿಗೆ ಮೈನಸ್ ನಂಬರ್ ಇತ್ತು. ಹೈಸ್ಕೂಲಿನ ಕೊನೆಯ ತರಗತಿಗಳಲ್ಲಿ ಅದು ಶೇಕಡಾ 81. ವ್ಯಾಯಾಮದಿಂದಲೇ ಹೀಗಾಯಿತು ಅಂತ ನಾನು ಹೇಳುತ್ತಿಲ್ಲ, ಓದಿನ ಒತ್ತಡ ಅಲ್ಲಿ ಹಾಗಿದೆ. ಆದರೆ ಅದನ್ನು ತಡೆಯುವ ಶಕ್ತಿ ಆ ವ್ಯಾಯಾಮಕ್ಕೆ ಇರಲಿಲ್ಲ ಅನ್ನುವುದಂತೂ ಸ್ಪಷ್ಟ.

"ಆದರೆ ನಂಗೆ ನಂಬರ್ ಇಳಿದಿದೆ"

ಹೀಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ನಂಬರ್ ಇಳಿದ ಹಾಗೆ ಕಾಣಲು ಹಲವು ಕಾರಣ ಇವೆ. ಅವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಮುಖ್ಯವಾದದ್ದು ಹುಸಿ ನಂಬರ್. ತಾಸುಗಟ್ಟಲೆ ಪುಸ್ತಕ, ಫೋನ್ ಹತ್ತಿರ ಹಿಡಿದು ನೋಡಿದರೆ ಕಣ್ಣಿನೊಳಗೆ ಮಸೂರವನ್ನು ಹಿಡಿತದಲ್ಲಿಡುವ ಪುಟ್ಟ ಸ್ನಾಯು ಬಿಗಿದುಕೊಂಡೇ ಉಳಿಯುತ್ತದೆ. ತಲೆ ಎತ್ತಿ ದೂರ ನೋಡಿದಾಗಲೂ ಸಡಿಲಾಗುವುದಿಲ್ಲ. ಪಿಯುಸಿ, ನೀಟ್ ತಯಾರಿಯ ಹುಡುಗರಲ್ಲಿ ಇದು ಕಾಣುತ್ತದೆ. ಆ ಹೊತ್ತಿಗೆ ಅಂಗಡಿಗೆ ಹೋಗಿ ಕಂಪ್ಯೂಟರ್ ಯಂತ್ರದಲ್ಲಿ ನೋಡಿಸಿದರೆ ಮೈನಸ್ ಒಂದು ತೋರಿಸಬಹುದು. ನಿಜವಾದ ನಂಬರ್ ಕಾಲು ಇರಬಹುದು, ಇಲ್ಲದೆಯೂ ಇರಬಹುದು. ಇಂಥವರು ಎರಡು ತಿಂಗಳು ವ್ಯಾಯಾಮ ಮಾಡಿದರೆ, ಕಣ್ಣಿಗೆ ವಿರಾಮ ಕೊಟ್ಟರೆ, "ನಂಬರ್" ಹೋಗುತ್ತದೆ. ಹೋದದ್ದು ಬಿಗಿತ.

ಅದಕ್ಕೇ ಮಕ್ಕಳಿಗೆ ಮೊದಲ ಸಲ ಕನ್ನಡಕ ಬರೆಸುವಾಗ ಕಣ್ಣಿಗೆ ಡ್ರಾಪ್ಸ್ ಹಾಕಿ, ಆ ಸ್ನಾಯುವನ್ನು ಸಡಿಲಗೊಳಿಸಿ ಪರೀಕ್ಷೆ ಮಾಡುತ್ತಾರೆ. ಕೆಲವು ಗಂಟೆ ಅಥವಾ ಒಂದೆರಡು ದಿನ ಹತ್ತಿರದ್ದು ಮಸುಕಾಗುತ್ತದೆ, ಬಿಸಿಲು ಚುಚ್ಚುತ್ತದೆ. ತಾಯಂದಿರು ಹೆದರುತ್ತಾರೆ. ಹೆದರಬೇಡಿ. ಆ ಪರೀಕ್ಷೆ ಆಗದೆ ಬರೆದ ನಂಬರನ್ನು ನಂಬಿ ಕನ್ನಡಕವನ್ನೂ ಹಾಕಿಸಬೇಡಿ, ವ್ಯಾಯಾಮವನ್ನೂ ಶುರು ಮಾಡಬೇಡಿ.

ಬೇರೆ ಕಾರಣಗಳೂ ಇವೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಸಕ್ಕರೆ ಏರಿಳಿದರೆ ನಂಬರೂ ಏರಿಳಿಯುತ್ತದೆ. ಕಣ್ಣು ಒಣಗಿದ್ದರೆ ಮಸುಕು, ಮಿಟುಕಿಸಿದರೆ ಸ್ಪಷ್ಟ. ಒಂದೇ ಚಾರ್ಟನ್ನು ಗೋಡೆಗೆ ಅಂಟಿಸಿ ದಿನವೂ ನೋಡಿದರೆ ಅಕ್ಷರಗಳು ಬಾಯಿಪಾಠ ಆಗುತ್ತವೆ. ಮಸುಕನ್ನು ಓದುವ ಅಭ್ಯಾಸ ಮಿದುಳಿಗೂ ಆಗುತ್ತದೆ. ಆಗ ನಂಬರ್ ಹಾಗೇ ಇದ್ದರೂ ಒಂದು ಸಾಲು ಹೆಚ್ಚು ಓದಬಹುದು.

"ನಮ್ಮಜ್ಜಿಗೆ ಎಪ್ಪತ್ತರಲ್ಲಿ ಓದೋ ಕನ್ನಡಕ ಬೇಡವಾಯ್ತು" ಅನ್ನುವ ಮಾತು ಕೇಳಿರುತ್ತೀರಿ. ಎಷ್ಟೋ ಸಲ ಅದು ಪೊರೆ ಶುರುವಾದ ಲಕ್ಷಣ. ಮಸೂರದ ನಡುಭಾಗ ಗಟ್ಟಿಯಾಗಿ ಮೈನಸ್ ಕಡೆಗೆ ತಿರುಗುತ್ತದೆ. ಸ್ವಲ್ಪ ದಿನ ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ದೂರದ್ದು ಮಸುಕಾಗುತ್ತಾ ಹೋಗುತ್ತದೆ. ಖುಷಿಪಟ್ಟು ಸುಮ್ಮನಾಗದೆ ಅಜ್ಜಿಯ ಕಣ್ಣು ತೋರಿಸಿ.

ವ್ಯಾಯಾಮವೇ ಚಿಕಿತ್ಸೆ ಆಗುವ ಕಡೆ

ಮಗು ಪುಸ್ತಕ ಹಿಡಿದ ಹತ್ತು ನಿಮಿಷಕ್ಕೆ ತಲೆನೋವು ಅನ್ನುತ್ತದೆ. ಅಕ್ಷರ ಎರಡೆರಡಾಗಿ ಕಾಣುತ್ತದೆ, ಓಡಾಡುತ್ತದೆ ಅನ್ನುತ್ತದೆ. ಸಾಲು ತಪ್ಪುತ್ತದೆ, ಒಂದು ಕಣ್ಣು ಮುಚ್ಚಿಕೊಂಡು ಓದುತ್ತದೆ. ಚಾರ್ಟ್ ನೋಡಿದರೆ ಕೊನೆಯ ಸಾಲಿನವರೆಗೂ ಓದುತ್ತದೆ, ನಂಬರ್ ಇಲ್ಲ. ಮನೆಯವರು ಓದಲು ಸೋಮಾರಿತನ ಅಂದುಕೊಂಡು ಬೈಯುತ್ತಾರೆ. ಪಾಪ, ಅದರ ತಪ್ಪಲ್ಲ. ಹತ್ತಿರದ್ದನ್ನು ನೋಡಲು ಎರಡೂ ಕಣ್ಣು ಮೂಗಿನ ಕಡೆ ಒಟ್ಟಿಗೆ ತಿರುಗಬೇಕು, ಅಷ್ಟು ತಿರುಗುತ್ತಿಲ್ಲ.

ಇದಕ್ಕೆ ಕಣ್ಣಿನ ವ್ಯಾಯಾಮ ನಿಜವಾದ ಮದ್ದು. ಅಮೆರಿಕದಲ್ಲಿ 9ರಿಂದ 17 ವರ್ಷದ 221 ಮಕ್ಕಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2008ರಲ್ಲಿ ಬಂತು. ವಾರಕ್ಕೊಮ್ಮೆ ಕ್ಲಿನಿಕ್ಕಿನಲ್ಲಿ ತರಬೇತಿ, ಉಳಿದ ದಿನ ಮನೆಯಲ್ಲಿ ಅಭ್ಯಾಸ, ಹೀಗೆ 12 ವಾರ ಮಾಡಿದವರಲ್ಲಿ ಶೇಕಡಾ 73 ಮಕ್ಕಳಿಗೆ ಗುಣ ಕಂಡಿತು. ಮನೆಯಲ್ಲೇ ಪೆನ್ಸಿಲನ್ನು ಮೂಗಿನ ಹತ್ತಿರ ತರುವ ವ್ಯಾಯಾಮ ಮಾಡಿದವರಲ್ಲಿ ಶೇಕಡಾ 43. ಹೆಸರಿಗೆ ಮಾತ್ರ ತರಬೇತಿ ಪಡೆದವರಲ್ಲಿ ಶೇಕಡಾ 35. ಮನೆಯ ಪೆನ್ಸಿಲ್ ವ್ಯಾಯಾಮಕ್ಕೂ ಹೆಸರಿನ ತರಬೇತಿಗೂ ಅಂತರ ಎಷ್ಟು ಕಡಿಮೆ ನೋಡಿ. ಹಾಗಾಗಿ ಅನುಕೂಲ ಇದ್ದವರು ಕ್ಲಿನಿಕ್ಕಿನ ತರಬೇತಿಗೇ ಹೋಗಿ. ಊರಿನಲ್ಲಿ ಸೌಲಭ್ಯವಿಲ್ಲದಿದ್ದರೆ ಒಮ್ಮೆ ದೊಡ್ಡ ಆಸ್ಪತ್ರೆಯಲ್ಲಿ ಸರಿಯಾಗಿ ಕಲಿತು ಬಂದು ಮನೆಯಲ್ಲಿ ಮಾಡಿ, ತಿಂಗಳಿಗೊಮ್ಮೆ ತೋರಿಸಿ. ಈ ತರಬೇತಿಯಿಂದ ಕಣ್ಣಿನ ತೊಂದರೆ ಕಡಿಮೆ ಆಗುತ್ತದೆ. ಮಾರ್ಕ್ಸ್ ತಾನಾಗಿ ಏರುತ್ತದೆ ಅನ್ನುವ ಭರವಸೆ ಯಾರಾದರೂ ಕೊಟ್ಟರೆ ನಂಬಬೇಡಿ. 2019ರ ಇನ್ನೊಂದು ಪರೀಕ್ಷೆಯಲ್ಲಿ, ಓದಿ ಅರ್ಥ ಮಾಡಿಕೊಳ್ಳುವ ಶಕ್ತಿಯಲ್ಲಿ ನಿಜವಾದ ತರಬೇತಿ ಪಡೆದವರಿಗೂ ಹೆಸರಿಗೆ ಮಾತ್ರ ಪಡೆದವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ.

ಮನೆಯಲ್ಲೇ ಒಂದು ಸುಳಿವು ಸಿಗುತ್ತದೆ. ಪೆನ್ನಿನ ತುದಿಯನ್ನು ಮಗುವಿನ ಮೂಗಿನ ನೇರಕ್ಕೆ ನಿಧಾನವಾಗಿ ತನ್ನಿ. ತುದಿ ಎರಡಾಗಿ ಕಂಡ ತಕ್ಷಣ ಹೇಳಲಿ. ಆರು ಸೆಂಟಿಮೀಟರಿಗಿಂತ ಹತ್ತಿರ ಬರುವವರೆಗೂ ಒಂದೇ ಕಂಡರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಒಂದು ಗೇಣು ದೂರದಲ್ಲೇ ಎರಡಾದರೆ ಪರೀಕ್ಷೆ ಮಾಡಿಸಿ.

ಸೋಮಾರಿ ಕಣ್ಣು ಇನ್ನೊಂದು ಕಥೆ. ಒಂದು ಕಣ್ಣಿನ ನಂಬರ್ ತುಂಬಾ ಜಾಸ್ತಿ ಇದ್ದರೆ, ಅಥವಾ ಮೆಳ್ಳಗಣ್ಣಿದ್ದರೆ, ಮಿದುಳು ಆ ಕಣ್ಣನ್ನು ಬಳಸುವುದನ್ನೇ ಬಿಡುತ್ತದೆ. ಇಲ್ಲಿ ಮೊದಲು ಸರಿಯಾದ ಕನ್ನಡಕ. ಆಮೇಲೆ ಚೆನ್ನಾಗಿರುವ ಕಣ್ಣಿಗೆ ಪಟ್ಟಿ ಕಟ್ಟಿ ದುರ್ಬಲ ಕಣ್ಣಿಗೆ ಕೆಲಸ ಕೊಡುವುದು. ತೊಂದರೆ ಮಧ್ಯಮ ಮಟ್ಟದ್ದಾಗಿದ್ದರೆ ದಿನಕ್ಕೆ ಎರಡು ಗಂಟೆ ಪಟ್ಟಿ ಕಟ್ಟಿದರೂ ಆರು ಗಂಟೆಯಷ್ಟೇ ಫಲ ಸಿಗುತ್ತದೆ ಅನ್ನುವುದು 2003ರ ಪರೀಕ್ಷೆಯಲ್ಲಿ ಕಂಡಿತು. ತಾಯಿ-ಮಗು ಇಬ್ಬರಿಗೂ ಇದು ದೊಡ್ಡ ಸಮಾಧಾನ. ಏಳು ವರ್ಷದೊಳಗೆ ಶುರು ಮಾಡಿದರೆ ಫಲ ಚೆನ್ನಾಗಿರುತ್ತದೆ. ಇಲ್ಲಿ ಅಂಗೈ ಉಜ್ಜಿ ಕಣ್ಣಿಗಿಡುತ್ತಾ ಎರಡು ವರ್ಷ ಕಳೆದರೆ ಆ ಕಣ್ಣು ಜೀವನಪೂರ್ತಿ ಮಂದವಾಗಿಯೇ ಉಳಿಯಬಹುದು. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ.

ಕಂಪ್ಯೂಟರ್ ಮುಂದೆ ಸುಸ್ತಾಗುವ ಕಣ್ಣಿಗೆ

ಉರಿ, ಒಣಗುವಿಕೆ, ಸಂಜೆಗೆ ಮಸುಕು, ಹುಬ್ಬಿನ ಮೇಲೆ ನೋವು. ಇವಕ್ಕೆ ವ್ಯಾಯಾಮ, ಯೋಗ ಧಾರಾಳವಾಗಿ ಮಾಡಿ. ಬೆಂಗಳೂರಿನಲ್ಲೇ ಇದರ ಮೇಲೆ ಒಳ್ಳೆಯ ಅಧ್ಯಯನ ನಡೆದಿದೆ. ಸ್ವಾಮಿ ವಿವೇಕಾನಂದ ಯೋಗ ಸಂಶೋಧನಾ ಪ್ರತಿಷ್ಠಾನದ ತಂಡ ಕಂಪ್ಯೂಟರ್ ಕೆಲಸದ 291 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 60 ದಿನ ಯೋಗ ಮಾಡಿಸಿತು. ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆ. ಅವರ ಕಣ್ಣಿನ ಕಿರಿಕಿರಿ ಕಡಿಮೆ ಆಯಿತು, ಯೋಗ ಮಾಡದವರದ್ದು ಹೆಚ್ಚಾಯಿತು. 2006ರಲ್ಲಿ ಪ್ರಕಟವಾದ ಅಧ್ಯಯನ ಇದು. ಅಲ್ಲಿ ಅಳೆದದ್ದು ಕಿರಿಕಿರಿಯನ್ನು, ಕನ್ನಡಕದ ನಂಬರನ್ನಲ್ಲ ಅನ್ನುವುದು ನೆನಪಿರಲಿ.

ಒಂದು ಗಂಟೆ ಸಿಗದವರು 20-20-20 ಮಾಡಿ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ಆಚೆ, ಇಪ್ಪತ್ತು ಸೆಕೆಂಡ್ ನೋಡುವುದು. ಸ್ಕ್ರೀನ್ ನೋಡುವಾಗ ನಾವು ಮಿಟುಕಿಸುವುದು ತುಂಬಾ ಕಡಿಮೆ ಆಗುತ್ತದೆ. ಬೇಕೆಂದೇ ಪೂರ್ತಿ ರೆಪ್ಪೆ ಮುಚ್ಚಿ ಮಿಟುಕಿಸಿ. ಎಸಿ ಗಾಳಿ ಮುಖಕ್ಕೆ ಬೀಳದಂತೆ ಕುರ್ಚಿ ಸರಿಸಿ. ಇಷ್ಟಕ್ಕೆ ಖರ್ಚೇ ಇಲ್ಲ. ಇದಾದ ಮೇಲೂ ಸಂಜೆ ತಲೆನೋವು ಇದ್ದರೆ ಸಣ್ಣ ಸಿಲಿಂಡರ್ ನಂಬರ್ ಇರಬಹುದು, ನೋಡಿಸಿ.

ತ್ರಾಟಕವನ್ನು ಇಷ್ಟಪಡುವವರು ಏಕಾಗ್ರತೆಗಾಗಿ ಮಾಡಲಿ. ದೀಪ ಕಣ್ಣಿನ ಮಟ್ಟದಲ್ಲಿ, ಸ್ವಲ್ಪ ದೂರದಲ್ಲಿ ಇರಲಿ. ಕಣ್ಣಲ್ಲಿ ನೀರು ಬಂದಾಗ ಮುಚ್ಚಿ ವಿಶ್ರಾಂತಿ ಕೊಡಿ. ಒಣ ಕಣ್ಣು, ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇರುವವರು ವೈದ್ಯರನ್ನು ಕೇಳದೆ ಬೇಡ.

ಮಕ್ಕಳ ಮೈನಸ್ ನಂಬರ್: ಕಾಯಬಾರದ ಕಡೆ

ಆರು, ಏಳು ವರ್ಷಕ್ಕೇ ಮೈನಸ್ ಬಂದ ಮಗುವಿಗೆ ಹದಿನೆಂಟರ ಹೊತ್ತಿಗೆ ಅದು ಮೈನಸ್ ಆರು ದಾಟುವ ಸಾಧ್ಯತೆ ಜಾಸ್ತಿ. ಕನ್ನಡಕ ದಪ್ಪ ಆಗುತ್ತದೆ ಅನ್ನುವುದು ಚಿಕ್ಕ ಚಿಂತೆ. ಕಣ್ಣು ಎಳೆದುಕೊಂಡಷ್ಟೂ ರೆಟಿನಾ ತೆಳುವಾಗುತ್ತದೆ. ಮುಂದೆ ರೆಟಿನಾ ಕಳಚುವುದು, ಗ್ಲಾಕೋಮಾ, ನಡುದೃಷ್ಟಿ ಹೋಗುವುದು, ಇವುಗಳ ಅಪಾಯ ಏರುತ್ತದೆ. ಒಂದು ನಂಬರಿನಷ್ಟು ಏರಿಕೆ ತಡೆದರೂ ನಡುದೃಷ್ಟಿಯ ಆ ಕಾಯಿಲೆಯ ಸಾಧ್ಯತೆ ಶೇಕಡಾ 40ರಷ್ಟು ತಗ್ಗುತ್ತದೆ ಅನ್ನುವುದು ಸಂಶೋಧಕರ ಅಂದಾಜು. ಹಾಗಾಗಿ ಇಲ್ಲಿ ಗುರಿ ಎರಡು. ಇವತ್ತು ಬೋರ್ಡ್ ಕಾಣಬೇಕು, ನಾಳೆಯ ಏರಿಕೆ ನಿಧಾನವಾಗಬೇಕು.

ವ್ಯಾಯಾಮ ಇವೆರಡರಲ್ಲಿ ಯಾವುದನ್ನೂ ಮಾಡುವುದಿಲ್ಲ.

ಸಾದಾ ಕನ್ನಡಕ ಮೊದಲನೆಯದನ್ನು ಮಾಡುತ್ತದೆ. ಸಾವಿರ ರೂಪಾಯಿ ಆಸುಪಾಸಿನಲ್ಲೂ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ, ಬೆಂಗಳೂರಿನವರಿಗೆ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ, ಕಡಿಮೆ ಖರ್ಚಿನಲ್ಲೇ ಪರೀಕ್ಷೆ ಆಗುತ್ತದೆ. ಶಾಲೆಗಳಲ್ಲೂ ಸರ್ಕಾರದ ಆರೋಗ್ಯ ತಪಾಸಣೆ ನಡೆಯುತ್ತದೆ. ಆ ಚೀಟಿ ಬಂದರೆ ಬ್ಯಾಗಿನಲ್ಲೇ ಮರೆಯಬೇಡಿ. "ಕನ್ನಡಕ ಹಾಕಿದರೆ ಕಣ್ಣು ಅದಕ್ಕೇ ಒಗ್ಗಿ ಇನ್ನೂ ಹಾಳಾಗುತ್ತದೆ" ಎಂದು ಹೇಳುವವರು ಪ್ರತಿ ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ. ಮಲೇಷ್ಯಾದಲ್ಲಿ 94 ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಬೇಕೆಂದೇ ಕಡಿಮೆ ನಂಬರಿನ ಕನ್ನಡಕ ಕೊಟ್ಟ ಮಕ್ಕಳಲ್ಲಿ ನಂಬರ್ ಇನ್ನೂ ವೇಗವಾಗಿ ಏರಿತು. ಪೂರ್ತಿ ನಂಬರ್ ಹಾಕಿಸಿ.

ಎರಡನೆಯ ಗುರಿಗೆ ಎಲ್ಲಕ್ಕಿಂತ ಅಗ್ಗದ ದಾರಿ ಬಯಲು. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಬಿಟ್ಟರು. ಮೂರು ವರ್ಷದ ನಂತರ ಹೊರಗೆ ಹೋದ ಮಕ್ಕಳಲ್ಲಿ ಹೊಸದಾಗಿ ಮೈನಸ್ ಬಂದದ್ದು ಶೇಕಡಾ 30.4, ಉಳಿದವರಲ್ಲಿ ಶೇಕಡಾ 39.5. ವ್ಯಾಯಾಮವನ್ನು ಅಷ್ಟು ವರ್ಷ ಮಾಡಿಸಿದ ದೇಶದಲ್ಲೇ ಸಿಕ್ಕ ಉತ್ತರ ಇದು. ಹಗಲಿನ ಬೆಳಕಿನಲ್ಲಿ ರೆಟಿನಾದಿಂದ ಬರುವ ಡೋಪಮಿನ್ ಅನ್ನುವ ರಾಸಾಯನಿಕ ಕಣ್ಣಿನ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ನಂಬರ್ ಬರುವುದನ್ನು ಮುಂದೂಡಲು ಇದು ಒಳ್ಳೆಯದು. ಈಗಾಗಲೇ ಬಂದಿದ್ದರೆ ಇದೊಂದೇ ಸಾಲದು. ದಿನಕ್ಕೆ ಎರಡು ಗಂಟೆ ಹೊರಗಿರಲಿ. ನಮ್ಮಲ್ಲಿ ಬೆಳಕಿಗೆ ಬರವಿಲ್ಲ. ಬರ ಇರುವುದು ಪಿ.ಟಿ. ಪೀರಿಯಡ್ಡಿಗೆ, ಅದನ್ನು ಗಣಿತಕ್ಕೆ ಕೊಟ್ಟುಬಿಡುತ್ತಾರೆ. ಪೋಷಕರ ಸಭೆಯಲ್ಲಿ ಇದನ್ನು ಕೇಳುವ ಹಕ್ಕು ನಿಮಗಿದೆ.

ಅದರ ಮೇಲಿನದ್ದು ಅಟ್ರೋಪಿನ್ ಹನಿ. ರಾತ್ರಿ ಮಲಗುವಾಗ ಒಂದೊಂದು ಹನಿ. ಹಾಂಗ್‌ಕಾಂಗಿನ ಪರೀಕ್ಷೆಯಲ್ಲಿ ಮೊದಲ ವರ್ಷ 0.05 ಶೇಕಡಾ ಹನಿ ನಂಬರ್ ಏರಿಕೆಯನ್ನು ಸುಮಾರು ಶೇಕಡಾ 67ರಷ್ಟು ತಗ್ಗಿಸಿತು. 0.01 ಶೇಕಡಾ ಹನಿ ತಗ್ಗಿಸಿದ್ದು ಸುಮಾರು ಶೇಕಡಾ 27. ಖರ್ಚು ತಿಂಗಳಿಗೆ ಕೆಲವು ನೂರು ರೂಪಾಯಿ. ಕೆಲವು ಮಕ್ಕಳಿಗೆ ಬಿಸಿಲು ಚುಚ್ಚುತ್ತದೆ, ಹತ್ತಿರದ್ದು ಸ್ವಲ್ಪ ಮಸುಕಾಗುತ್ತದೆ. ವರ್ಷಗಟ್ಟಲೆ ಹಾಕಬೇಕು. ಏಕಾಏಕಿ ನಿಲ್ಲಿಸಿದರೆ ಏರಿಕೆ ಮತ್ತೆ ಜೋರಾಗಬಹುದು. ವೈದ್ಯರ ಚೀಟಿ ಇಲ್ಲದೆ ಬೇಡ.

ಏರಿಕೆ ತಡೆಯಲೆಂದೇ ಮಾಡಿದ ವಿಶೇಷ ಕನ್ನಡಕದ ಮಸೂರಗಳೂ ಬಂದಿವೆ. ನಡುವೆ ಸಾದಾ ನಂಬರ್, ಸುತ್ತ ಸಣ್ಣ ಸಣ್ಣ ಮಸೂರಗಳ ಬಳಗ. ಹಾಂಗ್‌ಕಾಂಗಿನಲ್ಲಿ 8ರಿಂದ 13 ವರ್ಷದ ಮಕ್ಕಳ ಮೇಲೆ ಎರಡು ವರ್ಷ ನಡೆದ ಪರೀಕ್ಷೆಯಲ್ಲಿ ಇಂಥ ಒಂದು ಮಸೂರ ಏರಿಕೆಯನ್ನು ಅರ್ಧಕ್ಕೆ ಇಳಿಸಿತು. ಹನಿ ಹಾಕುವ ರಗಳೆ ಇಲ್ಲ. ಆದರೆ ಬೆಲೆ ಹತ್ತು ಸಾವಿರ ದಾಟುತ್ತದೆ. ನಂಬರ್ ಬದಲಾದಾಗ, ಮಸೂರ ಗೀರಿದಾಗ ಮತ್ತೆ ಅಷ್ಟೇ ಖರ್ಚು. ದಿನವಿಡೀ ಹಾಕುವ ಮಗುವಿಗೆ ಮಾತ್ರ ಇದು ಸಾರ್ಥಕ.

ನನ್ನನ್ನು ಕೇಳಿದರೆ, ಹಣ ಬಿಗಿ ಇರುವ ಮನೆಗೆ ಸಾದಾ ಕನ್ನಡಕ, ಬಯಲು, ಹನಿ. ಇದು ಕಡಿಮೆ ದರ್ಜೆಯ ಆಯ್ಕೆ ಖಂಡಿತ ಅಲ್ಲ. ಹನಿ ಒಗ್ಗದ ಮಗುವಿಗೆ, ಖರ್ಚು ತಡೆಯುವ ಮನೆಗೆ ವಿಶೇಷ ಮಸೂರ. ಮಗುವಿಗೆ ಹದಿನಾರು ದಾಟಿ ನಂಬರ್ ವರ್ಷದಿಂದ ನಿಂತಿದ್ದರೆ ಎರಡೂ ಬೇಡ, ಸಾದಾ ಕನ್ನಡಕ ಸಾಕು.

ಹದಿನೆಂಟು ದಾಟಿದವರಿಗೆ

ಇಲ್ಲಿ ಆತುರವಿಲ್ಲ. ಕನ್ನಡಕ ಎಲ್ಲಕ್ಕಿಂತ ಸುರಕ್ಷಿತ. ಕಾಂಟ್ಯಾಕ್ಟ್ ಲೆನ್ಸ್ ಆಟ, ನೃತ್ಯ, ಮದುವೆ ಮನೆಗೆ ಚೆನ್ನ. ಕೈ ತೊಳೆಯುವ ಶಿಸ್ತು ಬೇಕು. ಅದನ್ನು ಹಾಕಿಕೊಂಡು ಮಲಗಬಾರದು. ಹೊಳೆ, ಕಲ್ಯಾಣಿ, ಈಜುಕೊಳಕ್ಕೆ ಇಳಿಯಲೇಬಾರದು. ನಲ್ಲಿ ನೀರಲ್ಲೂ ತೊಳೆಯಬಾರದು. ನೀರಿನಲ್ಲಿರುವ ಒಂದು ಅಮೀಬಾ ಕಾರ್ನಿಯಾವನ್ನೇ ತಿಂದುಹಾಕಬಹುದು.

ಲೇಸಿಕ್ ಅನ್ನುವ ಲೇಸರ್ ಆಪರೇಷನ್ ಕಾರ್ನಿಯಾದ ವಕ್ರತೆಯನ್ನೇ ಬದಲಿಸುತ್ತದೆ. ವ್ಯಾಯಾಮದಿಂದ ಜನ ಬಯಸುವ ಫಲವನ್ನು ನಿಜವಾಗಿ ಕೊಡುವುದು ಇದೇ. ವಯಸ್ಸು ಹದಿನೆಂಟು ದಾಟಿರಬೇಕು, ನಂಬರ್ ಕನಿಷ್ಠ ಒಂದು ವರ್ಷ ನಿಂತಿರಬೇಕು, ಕಾರ್ನಿಯಾ ಸಾಕಷ್ಟು ದಪ್ಪ ಇರಬೇಕು. ಗರ್ಭಿಣಿಯರು, ತುಂಬಾ ಒಣ ಕಣ್ಣಿನವರು, ಕಾರ್ನಿಯಾ ಕೋನಾಕಾರ ಆಗುತ್ತಿರುವವರು ಮಾಡಿಸುವಂತಿಲ್ಲ. ಎರಡೂ ಕಣ್ಣಿಗೆ ಹತ್ತಾರು ಸಾವಿರದಿಂದ ಲಕ್ಷ ದಾಟುವವರೆಗೆ ಖರ್ಚಾಗುತ್ತದೆ. ಲೇಸಿಕ್ ಆದ ಮೇಲೂ ಕಣ್ಣುಗುಡ್ಡೆ ಉದ್ದವೇ ಇರುತ್ತದೆ. ಹಾಗಾಗಿ ಮೈನಸ್ ಎಂಟು ಇದ್ದವರು ವರ್ಷಕ್ಕೊಮ್ಮೆ ರೆಟಿನಾ ತೋರಿಸುವುದನ್ನು ಬಿಡಬಾರದು.

ಪೊಲೀಸ್, ಸೇನೆ, ರೈಲ್ವೆ ಕೆಲಸಕ್ಕೆ ಓದುತ್ತಿರುವ ಹುಡುಗ ಹುಡುಗಿಯರಿಗೆ ಒಂದು ಮಾತು. ವ್ಯಾಯಾಮದಿಂದ ನಂಬರ್ ಇಳಿಸುತ್ತೇವೆ ಅನ್ನುವ ಕೋರ್ಸುಗಳು ಹಿಡಿಯುವುದು ನಿಮ್ಮಂಥವರನ್ನೇ. ಆ ಹಣ ಕೊಡುವ ಮೊದಲು ನಿಮ್ಮ ಹುದ್ದೆಯ ಅಧಿಸೂಚನೆಯ ವೈದ್ಯಕೀಯ ಭಾಗ ಪೂರ್ತಿ ಓದಿ. ಕೆಲವು ಹುದ್ದೆಗೆ ಕನ್ನಡಕಕ್ಕೇ ಅವಕಾಶ ಇದೆ. ಕೆಲವಕ್ಕೆ ಲೇಸಿಕ್ ಆದವರನ್ನು ತೆಗೆದುಕೊಳ್ಳುವುದಿಲ್ಲ. ಓದದೆ ಆಪರೇಷನ್ ಮಾಡಿಸಿದರೆ ಹಣವೂ ಹೋಯಿತು, ಅವಕಾಶವೂ ಹೋಯಿತು.

ಚಾಳೀಸು

ನಲವತ್ತರ ಆಸುಪಾಸಿನಲ್ಲಿ ಒಳಗಿನ ಮಸೂರ ಗಟ್ಟಿಯಾಗಿ ಬಾಗುವ ಗುಣ ಕಳೆದುಕೊಳ್ಳುತ್ತದೆ. ಸ್ನಾಯುಗೆ ಎಷ್ಟು ಕಸರತ್ತು ಮಾಡಿಸಿದರೂ ಗಟ್ಟಿಯಾದ ಮಸೂರ ಮೆತ್ತಗಾಗದು. ಓದುವ ಕನ್ನಡಕ ಹಾಕಿಕೊಳ್ಳಿ. ಸಣ್ಣ ತೂತುಗಳ ಕಪ್ಪು ಕನ್ನಡಕ ಮಾರುತ್ತಾರಲ್ಲ, ಅದನ್ನು ಹಾಕಿಕೊಂಡಾಗ ಅಕ್ಷರ ಸ್ಪಷ್ಟ ಕಾಣುವುದು ನಿಜ. ತೆಗೆದ ಕೂಡಲೇ ಮೊದಲಿನ ಹಾಗೆಯೇ. ಪಾಪೆಯನ್ನು ಕಿರಿದು ಮಾಡಿ ಕೆಲವು ಗಂಟೆ ಓದಲು ನೆರವಾಗುವ ಪಿಲೋಕಾರ್ಪಿನ್ ಹನಿಗೆ ಅಮೆರಿಕದಲ್ಲಿ 2021ರಲ್ಲಿ ಅನುಮತಿ ಸಿಕ್ಕಿತು. ನಮ್ಮಲ್ಲಿ 2024ರಲ್ಲಿ ಇಂಥ ಹನಿಯೊಂದು ಕನ್ನಡಕ ಬಿಡಿಸುತ್ತದೆ ಎಂದು ಭಾರೀ ಪ್ರಚಾರ ಆಯಿತು. ಸೆಪ್ಟೆಂಬರಿನಲ್ಲಿ ಔಷಧ ನಿಯಂತ್ರಕರು ಆ ಅನುಮತಿಯನ್ನೇ ತಡೆಹಿಡಿದರು. ಕನ್ನಡಕದಷ್ಟು ನಿರುಪದ್ರವಿ ಇನ್ನೊಂದಿಲ್ಲ.

ಆದರೂ ವ್ಯಾಯಾಮ ಮಾಡಿಯೇ ನೋಡುತ್ತೇನೆ ಅಂದರೆ

ಮಾಡಿ, ಆದರೆ ಅಳತೆ ಇಟ್ಟುಕೊಂಡು ಮಾಡಿ. ಶುರು ಮಾಡುವ ಮೊದಲು ಕಣ್ಣಿನ ವೈದ್ಯರ ಹತ್ತಿರ ನಂಬರ್ ಬರೆಸಿ. ಮಕ್ಕಳಿಗಾದರೆ ಡ್ರಾಪ್ಸ್ ಹಾಕಿಯೇ ಬರೆಸಿ, ಆಗುವುದಾದರೆ ಕಣ್ಣಿನ ಉದ್ದವನ್ನೂ ಅಳೆಸಿ. ಆ ಚೀಟಿಯನ್ನು ಫೈಲಿನಲ್ಲಿ ಇಡಿ. ಕನ್ನಡಕ ಬಿಡಬೇಡಿ. ಅದರಲ್ಲೂ ಗಾಡಿ ಓಡಿಸುವಾಗ ಬಿಡಲೇಬೇಡಿ. ಹನಿ, ಪಟ್ಟಿ ಏನಾದರೂ ನಡೆಯುತ್ತಿದ್ದರೆ ನಿಲ್ಲಿಸಬೇಡಿ. ಗುಡ್ಡೆಯನ್ನು ಬೆರಳಿನಿಂದ ಒತ್ತುವ, ಸೂರ್ಯನನ್ನು ನೋಡುವ, ಕಣ್ಣಿಗೆ ಜೇನು ಅಥವಾ ಸೊಪ್ಪಿನ ರಸ ಬಿಡುವ ಯಾವುದನ್ನೂ ಮಾಡಬೇಡಿ.

ದೊಡ್ಡವರು ಮೂರು ತಿಂಗಳ ನಂತರ ಅದೇ ಜಾಗದಲ್ಲಿ, ದಿನದ ಅದೇ ಹೊತ್ತಿಗೆ ಮತ್ತೆ ಪರೀಕ್ಷೆ ಮಾಡಿಸಿ. ಕಾಲು ನಂಬರಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತಗೋಬೇಡಿ, ಅದು ಪರೀಕ್ಷೆಯಿಂದ ಪರೀಕ್ಷೆಗೆ ಸುಮ್ನೆ ಬರುತ್ತದೆ. ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಪರೀಕ್ಷೆ ತಪ್ಪಿಸಬೇಡಿ. ಒಂದು ವರ್ಷದಲ್ಲಿ ಅರ್ಧ ನಂಬರ್ ಅಥವಾ ಅದಕ್ಕಿಂತ ಜಾಸ್ತಿ ಏರಿದ್ದರೆ ಹನಿ ಅಥವಾ ವಿಶೇಷ ಮಸೂರದ ಮಾತು ಅದೇ ಭೇಟಿಯಲ್ಲಿ ಎತ್ತಿ. ಕಣ್ಣೆದುರು ಏಕಾಏಕಿ ಮಿಂಚು ಹೊಡೆದಂತೆ ಆದರೆ, ಕಪ್ಪು ಚುಕ್ಕೆಗಳು ತೇಲಿದರೆ, ಪರದೆ ಇಳಿದಂತೆ ಕಂಡರೆ ಯಾವ ಆಯ್ಕೆಯನ್ನೂ ತೂಗುತ್ತಾ ಕೂರಬೇಡಿ. ಅದು ರೆಟಿನಾ ಕಳಚುತ್ತಿರುವ ಲಕ್ಷಣ ಇರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.